ಕಿಸೆ ಇಲ್ಲದ ಅಂಗಿ, ಕೊಂಡಿ ಹಾಕಿದ ಸೆರಗು

(ಲಚ್ಯಾಣದಲ್ಲಿ ನೀಡಿದ ದತ್ತಿ ಉಪನ್ಯಾಸದ ಮುದ್ರಿತ ರೂಪ)

ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿ ತೊಡುತ್ತಿದ್ದ ಬಿಳಿ ಅಂಗಿಗೆ ಕಿಸೆ ಇರಲಿಲ್ಲ. ಈ ಸೀಮೆಯ ಮಕ್ಕಳಿಗೂ ಗೊತ್ತಿರುವ ಸಂಗತಿ ಇದು. ಬೆಳಗಿನ ಚಳಿಯಲ್ಲಿ ಅವರ ಪ್ರವಚನಕ್ಕೆ ಬಂದು ಕೂಡುತ್ತಿದ್ದ ಸಾವಿರಾರು ಜನರಲ್ಲಿ ಕೇಳಿದ ಮಾತು ಮರೆತವರಿದ್ದಾರು, ಕಂಡ ಅಂಗಿ ಮರೆತವರಿಲ್ಲ. 2018ರಲ್ಲಿ ಪದ್ಮಶ್ರೀ ಘೋಷಣೆಯಾದಾಗ ಅವರು ವಿನಯದಿಂದ ಬೇಡವೆಂದು ಪತ್ರ ಬರೆದರು. 2023ರ ಜನವರಿ 2ರಂದು ಲಿಂಗೈಕ್ಯರಾದಾಗ, ತಮಗೆ ಸ್ಮಾರಕ ಕಟ್ಟಬಾರದೆಂದು ಮೊದಲೇ ಬರೆದಿಟ್ಟಿದ್ದ ಪತ್ರವನ್ನು ಜನ ಓದಿದರು. ಕಿಸೆ, ಪ್ರಶಸ್ತಿ, ಸ್ಮಾರಕ ಮೂರಕ್ಕೂ ಅವರ ಉತ್ತರ ಒಂದೇ ಆಗಿತ್ತು.

ಇದು ವೈರಾಗ್ಯ ಎಂದು ಕೈಮುಗಿದು ಮುಂದೆ ಹೋಗುವುದು ಸುಲಭ. ಆದರೆ ಅದೇ ಅಂಗಿಯನ್ನು ಒಮ್ಮೆ ಸಿಂಪಿಗರ ಕಣ್ಣಿನಿಂದ ನೋಡಬೇಕು. ಪೇಟೆಯಲ್ಲಿ ಹೊಲಿದು ತೂಗುಹಾಕಿದ ಅಂಗಿಗೆ ಎದೆಯ ಮೇಲೊಂದು ಕಿಸೆ ಇದ್ದೇ ಇರುತ್ತದೆ. ಯಾರೂ ಕೇಳಿರುವುದಿಲ್ಲ, ಅದು ತಾನಾಗಿ ಬಂದಿರುತ್ತದೆ. ಕಿಸೆ ಇಲ್ಲದ್ದು ಬೇಕಾದರೆ ಬಟ್ಟೆ ಕೊಂಡು, ಹೀಗೆ ಬೇಕು ಎಂದು ಹೇಳಿ ಹೊಲಿಸಬೇಕು. ಸ್ವಾಮೀಜಿ ಬಟ್ಟೆಯ ಬಗ್ಗೆ ಯೋಚಿಸದ ಮನುಷ್ಯರಲ್ಲ. ಒಮ್ಮೆ ಚೆನ್ನಾಗಿ ಯೋಚಿಸಿ, ತಮಗೆ ಒಪ್ಪುವುದನ್ನು ಗೊತ್ತುಮಾಡಿಕೊಂಡು, ಮುಂದೆ ಆ ಯೋಚನೆಯೇ ಬೇಡದಂತೆ ಮಾಡಿಕೊಂಡವರು.

ಇದಕ್ಕೆ ತೀರ ಎದುರು ದಿಕ್ಕಿನ ಮನುಷ್ಯನೂ ಇದೇ ವಿಜಯಪುರದಲ್ಲಿ ಸಿಗುತ್ತಾನೆ, ನಾಲ್ಕು ನೂರು ವರ್ಷದ ಹಿಂದೆ. ಎರಡನೆಯ ಇಬ್ರಾಹಿಂ ಆದಿಲ್‌ಶಹಾ 1580ರಿಂದ 1627ರವರೆಗೆ ಆಳಿದ. ಖಜಾನೆ, ಅರಮನೆ, ಆನೆಸಾಲು ಯಾವುದಕ್ಕೂ ಕೊರತೆಯಿಲ್ಲದ ಈ ಸುಲ್ತಾನ ತನ್ನ ತಂಬೂರಿಗೆ ‘ಮೋತಿಖಾನ್’ ಎಂದು ಹೆಸರಿಟ್ಟುಕೊಂಡಿದ್ದ. ಮೆಚ್ಚಿನ ಆನೆಯ ಹೆಸರು ‘ಆತಶ್‌ಖಾನ್’. ದಖ್ಖನಿ ಭಾಷೆಯಲ್ಲಿ ಅವನು ಬರೆದ ‘ಕಿತಾಬ್-ಎ-ನೌರಸ್’ನಲ್ಲಿ ಸರಸ್ವತಿ, ಗಣಪತಿಯರ ಸ್ತುತಿಯ ಪಕ್ಕದಲ್ಲೇ ಈ ತಂಬೂರಿ, ಈ ಆನೆ ಕೂಡ ಬಂದು ನಿಲ್ಲುತ್ತವೆ. ನವರಸದ ಹುಚ್ಚು ಎಷ್ಟಿತ್ತೆಂದರೆ 1599ರಲ್ಲಿ ತೊರವಿಯ ಬಳಿ ಕಟ್ಟಿಸತೊಡಗಿದ ಹೊಸ ಊರಿಗೂ ನೌರಸಪುರ ಎಂದೇ ಹೆಸರು. ಆ ಊರು ಪೂರ್ತಿಯಾಗುವ ಮೊದಲೇ, 1624ರಲ್ಲಿ, ಮಲಿಕ್ ಅಂಬರನ ದಂಡು ಬಂದು ಹಾಳುಗೆಡವಿತು. ಕೋಟ್ಯಂತರ ಸುರಿದ ಊರು ಹೋಯಿತು, ತಂಬೂರಿಯ ಹೆಸರು ಮಾತ್ರ ಉಳಿಯಿತು.

ಸುಲ್ತಾನನನ್ನೂ ಸಂತನನ್ನೂ ಒಂದೇ ಪಂಕ್ತಿಯಲ್ಲಿ ಕೂಡಿಸುವುದು ಕೆಲವರಿಗೆ ಸರಿ ಕಾಣಲಿಕ್ಕಿಲ್ಲ. ಆದರೂ ಇಬ್ಬರಲ್ಲಿ ಒಂದು ಗುಣ ಸಮನಾಗಿದೆ. ದಿನಾ ಮೈಗೆ ತಾಗುವುದು, ದಿನಾ ಕೈಗೆ ಸಿಗುವುದು ಹೇಗಿರಬೇಕು ಎಂಬ ತೀರ್ಮಾನವನ್ನು ಇಬ್ಬರೂ ಪೇಟೆಗಾಗಲಿ ಓಣಿಯ ಮಂದಿಗಾಗಲಿ ಬಿಟ್ಟುಕೊಡಲಿಲ್ಲ. ಠೀವಿಯಿಂದ ಬಾಳುವುದೆಂದರೆ ಅಷ್ಟೇ ಎಂಬುದು ಈ ಉಪನ್ಯಾಸದ ವಾದ. ರೊಕ್ಕ ಹೆಚ್ಚಿದ್ದವರು ಠೀವಿಯವರು ಎಂಬ ಮಾತನ್ನೂ, ಏನೂ ಇಲ್ಲದಿರುವುದೇ ಹಿರಿಮೆ ಎಂಬ ಮಾತನ್ನೂ ಅದು ಒಪ್ಪುವುದಿಲ್ಲ.

ನಮ್ಮ ಮನೆಗಳಲ್ಲಿ ನಡೆಯುವುದು ಇದರ ಉಲ್ಟಾ. ಒಳ್ಳೆಯದೆಲ್ಲ ಬಂದವರಿಗೆ, ಇಲ್ಲವೆ ಮುಂದೆ ಎಂದೋ ಬರುವ ದಿನಕ್ಕೆ. ಗಾಜಿನ ಕಪಾಟಿನಲ್ಲಿ ಹೂವಿನ ಚಿತ್ರದ ಪಿಂಗಾಣಿ ಬಸಿಗಳಿದ್ದರೆ, ಮನೆಯವರ ಚಹಾ ಅಂಚು ಸೀಳಿದ ಪ್ಲಾಸ್ಟಿಕ್ ಕಪ್ಪಿನಲ್ಲಿ. ಟ್ರಂಕಿನ ತಳದಲ್ಲಿ ಡಾಂಬರು ಗುಳಿಗೆಯ ವಾಸನೆಯೊಂದಿಗೆ ಮಲಗಿದ ಸೀರೆ ವರ್ಷಕ್ಕೊಮ್ಮೆ ಬಿಸಿಲು ಕಂಡರೆ ದೊಡ್ಡದು. ಅತಿಥಿ ವರ್ಷದಲ್ಲಿ ನಾಲ್ಕು ಸಲ ಬರುತ್ತಾನೆ. ಮನೆಯವರು ದಿನಕ್ಕೆ ನಾಲ್ಕು ಸಲ ಚಹಾ ಕುಡಿಯುತ್ತಾರೆ. ಲೆಕ್ಕ ಕಷ್ಟದ್ದಲ್ಲ.

ಹಾಗೆಂದು ಈ ಸೀಮೆಯವರಿಗೆ ರುಚಿಯ ಪ್ರಜ್ಞೆ ಇಲ್ಲವೆಂದು ಯಾರೂ ಹೇಳಲಾರರು. ಅದನ್ನು ನೋಡಬೇಕಾದರೆ ರೊಟ್ಟಿಯ ಮುಂದೆ ಕೂಡಬೇಕು. ಬಟ್ಟೆಯ ವಿಷಯದಲ್ಲಿ ಅಂಗಡಿಯವನು ಹೇಳಿದ್ದನ್ನು ನಂಬುವ ಮನುಷ್ಯ ಜೋಳದ ವಿಷಯದಲ್ಲಿ ಯಾರನ್ನೂ ನಂಬುವುದಿಲ್ಲ. ಹಿಂಗಾರಿಯ ಬಿಳಿಜೋಳವೇ ಬೇಕು, ಅದರಲ್ಲೂ ಮಾಲದಂಡಿ, ಅಂದರೆ ಕೃಷಿ ಇಲಾಖೆಯ ಕಾಗದದಲ್ಲಿ ‘ಎಂ 35-1’ ಎಂದು ಬರೆಯುವ ತಳಿ. ಡೋಣಿ ಹೊಳೆಯ ಎರೆಭೂಮಿಯಲ್ಲಿ ಬೆಳೆದದ್ದು ಎಂದರೆ ಎರಡು ರೂಪಾಯಿ ಹೆಚ್ಚು ಕೊಡಲು ತಕರಾರಿಲ್ಲ. ಕಾಳು ಮುತ್ತಿನಂತೆ ದುಂಡಗೆ ಹೊಳೆಯಬೇಕು. ಮಳೆಗೆ ಸಿಕ್ಕು ಕಪ್ಪಾದದ್ದು ಬೇಡ. ಹಿಟ್ಟನ್ನು ಒಮ್ಮೆಗೇ ತಿಂಗಳಿಗಾಗುವಷ್ಟು ಬೀಸಿಸಿ ಇಡುವುದಿಲ್ಲ, ಹಳೆಯದಾದರೆ ಜಿಗಿ ಹೋಗುತ್ತದೆ. ಗೋಧಿಯಲ್ಲಿರುವ ಅಂಟು ಜೋಳದಲ್ಲಿ ಇಲ್ಲ. ಕುದಿಯುವ ಎಸರು ಹಾಕಿ ನಾದಿದಾಗ ಪಿಷ್ಟ ಬೆಂದು ಹಿಟ್ಟು ಹಿಡಿದುಕೊಳ್ಳುತ್ತದೆ, ರೊಟ್ಟಿ ಸೀಳದೆ ಅಗಲವಾಗುತ್ತದೆ. ಈ ರಸಾಯನಶಾಸ್ತ್ರವನ್ನು ಕಾಲೇಜಿನಲ್ಲಿ ಕಲಿಯದ ಅವ್ವ ‘ಈ ಹಿಟ್ಟಿಗೆ ಜಿಗಿ ಇಲ್ಲವಾ’ ಎಂದು ಬೆರಳಿನಲ್ಲೇ ಹೇಳಿಬಿಡುತ್ತಾಳೆ.

ಜೊತೆಗೇನು ಎಂಬುದೂ ಅಷ್ಟೇ ಗಟ್ಟಿಯಾದ ತೀರ್ಮಾನ. ಶೇಂಗಾ ಹಿಂಡಿ ಮಿಕ್ಸರಿನಲ್ಲಿ ತಿರುವಿದ್ದೋ ಒಳಕಲ್ಲಿನಲ್ಲಿ ಕುಟ್ಟಿದ್ದೋ ಎಂಬುದು ಮೊದಲ ತುತ್ತಿನಲ್ಲೇ ಗೊತ್ತಾಗುತ್ತದೆ. ಮಿಕ್ಸರಿನ ಅಲಗು ಪುಡಿಮಾಡಿ ಬಿಡುತ್ತದೆ. ಕುಟ್ಟಿದಾಗ ಶೇಂಗಾದ ಎಣ್ಣೆ ಮೆಲ್ಲಗೆ ಹೊರಬಂದು ಖಾರ, ಬೆಳ್ಳುಳ್ಳಿ, ಉಪ್ಪು ಒಂದಕ್ಕೊಂದು ಹತ್ತುತ್ತವೆ. ಅಗಸಿ ಹಿಂಡಿ, ಗುರೆಳ್ಳು ಹಿಂಡಿ, ಕೆನೆಮೊಸರು, ಹಸಿ ಉಳ್ಳಾಗಡ್ಡಿ, ಇಂಡಿ ಲಿಂಬೆಯ ಉಪ್ಪಿನಕಾಯಿ. ಇದೆಲ್ಲ ಎಳ್ಳ ಅಮಾವಾಸ್ಯೆಯ ದಿನ ಹೊಲಕ್ಕೆ ಹೋಗುತ್ತದೆ. ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ, ಭಜ್ಜಿ, ಪುಂಡಿಪಲ್ಯೆಯ ಬುತ್ತಿ ಕಟ್ಟಿಕೊಂಡು, ಭೂಮಿಗೆ ಚರಗ ಚೆಲ್ಲಿ, ಬೆಳೆದು ನಿಂತ ಜೋಳದ ನಡುವೆ ಊಟ. ಊಟದ ಜಾಗವನ್ನೂ ಇಷ್ಟು ಚೆಂದ ಆರಿಸಿಕೊಂಡ ಹಬ್ಬ ಬೇರೆ ಕಡೆ ಅಪರೂಪ. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷವೆಂದು ಸಾರಿದ ಮೇಲೆ ಬೆಂಗಳೂರಿನ ಮಾಲುಗಳಲ್ಲಿ ಜೋಳದ ಹಿಟ್ಟು ಬಣ್ಣದ ಚೀಲದಲ್ಲಿ ಕೂತಿತು. ಅದೇ ಹೊತ್ತಿಗೆ ಇಲ್ಲಿನ ಎಷ್ಟೋ ಮನೆಗಳಲ್ಲಿ ರಾತ್ರಿಯ ಊಟ ಪಡಿತರದ ಅಕ್ಕಿಯ ಅನ್ನಕ್ಕೆ ತಿರುಗಿತ್ತು.

ಇಲ್ಲಿ ಒಂದು ಮಾತು ಮುಚ್ಚಿಡಬಾರದು. ಹತ್ತು ಮಂದಿಯ ಮನೆಗೆ ರೊಟ್ಟಿ ಬಡಿಯುವುದೆಂದರೆ ಒಲೆಯ ಮುಂದೆ ತಾಸುಗಟ್ಟಲೆ ಕೂಡುವುದು. ಉಣ್ಣುವವನ ರುಚಿ ಬಡಿಯುವವಳ ಸೊಂಟದ ಮೇಲೆ ನಿಂತಿದ್ದರೆ ಅದನ್ನು ಸೊಗಸು ಎನ್ನಲು ನಾಲಿಗೆ ಹಿಂಜರಿಯಬೇಕು. ಈಚೆಗೆ ವಿಜಯಪುರ, ಕಲಬುರಗಿ ಕಡೆ ಹೆಂಗಸರೇ ನಡೆಸುವ ರೊಟ್ಟಿ ಕೇಂದ್ರಗಳಲ್ಲಿ ಖಡಕ್ ರೊಟ್ಟಿ ಕೊಂಡು ತರುವವರನ್ನು ಹಳಬರು ಹಂಗಿಸುವುದುಂಟು. ಹಂಗಿಸುವವರು ಸಾಮಾನ್ಯವಾಗಿ ಗಂಡಸರು. ಬಡಿದವಳಿಗೆ ಕೂಲಿ ಸಿಗುವ ರೊಟ್ಟಿ, ಬಡಿದವಳಿಗೆ ಬೈಗುಳ ಸಿಗುವ ರೊಟ್ಟಿಗಿಂತ ಎಷ್ಟೋ ಮೇಲು.

ಇಳಕಲ್ಲಿನ ಸೀರೆಯದು ಇನ್ನೂ ಉದ್ದದ ಕಥೆ. 1997ರಲ್ಲಿ ಬಾಗಲಕೋಟೆ ಬೇರೆ ಜಿಲ್ಲೆಯಾಗುವವರೆಗೆ ಇಳಕಲ್ಲೂ ಗುಳೇದಗುಡ್ಡವೂ ವಿಜಯಪುರ ಜಿಲ್ಲೆಯವೇ. ಒಂದೂರಿನ ಸೀರೆ, ಮತ್ತೊಂದೂರಿನ ಖಣ; ಎರಡೂ ಕೂಡಿದರೆ ಈ ಭಾಗದ ಹೆಣ್ಣುಮಗಳ ಉಡುಗೆ ಪೂರ್ತಿ. ಇಳಕಲ್ ಸೀರೆಯ ಒಡಲು ಹತ್ತಿಯದು, ಸೆರಗು ರೇಷ್ಮೆಯದು. ಎರಡು ಬೇರೆ ಜಾತಿಯ ನೂಲು ಒಂದೇ ಬಟ್ಟೆಯಾಗುವುದು ಹೇಗೆ? ಸೆರಗಿನ ಹಾಸಿನ ಒಂದೊಂದು ಎಳೆಯನ್ನೂ ಒಡಲಿನ ಹಾಸಿನ ಎಳೆಗೆ ಕೊಂಡಿ ಹಾಕಿ ಜೋಡಿಸುತ್ತಾರೆ. ಈ ಕೊಂಡಿಯೇ ಇಳಕಲ್ಲಿನ ಗುಟ್ಟು. ಅದರಿಂದಾಗುವ ತೊಂದರೆಯೂ ಇದೆ: ಉದ್ದಕ್ಕೆ ಒಮ್ಮೆಗೇ ಹಾಸು ಹೂಡಿ ಸೀರೆಯ ಮೇಲೆ ಸೀರೆ ನೇಯ್ದು ಕತ್ತರಿಸಿಕೊಳ್ಳಲು ಬರುವುದಿಲ್ಲ. ಪ್ರತಿ ಸೀರೆಗೂ ಬೇರೆ ಹಾಸು, ಬೇರೆ ಕೊಂಡಿ. ಕೈಮಗ್ಗದ ಒಂದು ಸೀರೆಗೆ ಹೆಚ್ಚುಕಡಿಮೆ ಒಂದು ವಾರ, ಅದರ ಹಿಂದೆ ಮೂರು ಜನರ ದುಡಿಮೆ.

ಸೆರಗನ್ನು ಬಿಡಿಸಿ ಹಾಸಿದರೆ ಕೆಂಪಿನ ಮೇಲೆ ಬಿಳಿಯ ‘ತೋಪು ತೆನಿ’. ಹಣಿಗೆಯ ಹಲ್ಲಿನ ಆಕಾರ, ಕೋಟೆಯ ತೆನೆಗಳ ಆಕಾರ, ಗುಡ್ಡದ ಸಾಲು, ಜೋಳದ ತೆನೆ. ತಲೆ ಬಾಚುವ ಹಣಿಗೆಯಿಂದ ಹಿಡಿದು ಹೊಲದ ತೆನೆಯವರೆಗೆ ದಿನಾ ಕಣ್ಣಿಗೆ ಬೀಳುವುದನ್ನೇ ನೇಕಾರ ಸೆರಗಿಗೆ ಏರಿಸಿದ್ದಾನೆ. ಅಂಚಿಗೂ ಚಿಕ್ಕಿ, ಗೋಮಿ, ಗಾಡಿ ಎಂದು ಹೆಸರುಗಳು. ಗುಳೇದಗುಡ್ಡದ ಖಣದಲ್ಲಿ ತೇರಿದೆ, ಆನೆಹೆಜ್ಜೆ ಇದೆ. ಇನ್ನೂ ಹೌಸಿಯವರು ಸೀರೆಗೆ ಕಸೂತಿ ಹಾಕಿಸುತ್ತಾರೆ. ಗವಂತಿ, ಮುರಗಿ, ನೇಯ್ಗಿ, ಮೆಂತೆ ಎಂಬ ನಾಲ್ಕು ಬಗೆಯ ಹೊಲಿಗೆ. ಗವಂತಿ, ಮುರಗಿಗಳಲ್ಲಿ ಗಂಟು ಹಾಕುವಂತಿಲ್ಲ. ಬಟ್ಟೆಯ ಹಿಂಬದಿಯೂ ಮುಂಬದಿಯಷ್ಟೇ ಹಸನಾಗಿರಬೇಕು. ಯಾರೂ ನೋಡದ ಹಿಂಬದಿಗೂ ಇಷ್ಟು ಮರ್ಯಾದೆ ಕೊಟ್ಟ ಕಸುಬು ಇದು.

ಈಗ ಪೇಟೆಯಲ್ಲಿ ‘ಇಳಕಲ್’ ಎಂಬ ಹೆಸರಿನಲ್ಲಿ ಪಾಲಿಯೆಸ್ಟರ್ ಮೇಲೆ ಅಚ್ಚು ಹೊಡೆದ ಸೀರೆ ರಾಶಿ ಬಿದ್ದಿದೆ. ನೋಟಕ್ಕೆ ಥೇಟು ಹಾಗೆಯೇ. ಬಲ್ಲ ಹಿರಿಯ ಹೆಂಗಸರು ಸೆರಗು ಒಡಲು ಕೂಡುವ ಜಾಗವನ್ನು ತಿರುವಿ, ಬೆರಳಾಡಿಸಿ ನೋಡಿ, ಮಾತಿಲ್ಲದೆ ಕೆಳಗಿಡುತ್ತಾರೆ. ಆ ಬೆರಳಿನ ತಿಳಿವಳಿಕೆ ಮುಂದಿನ ತಲೆಮಾರಿಗೆ ದಾಟದಿದ್ದರೆ ಇಳಕಲ್ ಸೀರೆಗೆ ಸಿಕ್ಕ ಜಿಐ (ಭೌಗೋಳಿಕ ಗುರುತಿನ) ಪ್ರಮಾಣಪತ್ರ ಗೋಡೆಗೆ ತೂಗುಹಾಕುವ ಚೌಕಟ್ಟಷ್ಟೇ. ದಿನವೂ ಇಳಕಲ್ಲನ್ನೇ ಉಡಬೇಕೆಂಬ ಹಟ ಇಲ್ಲಿಲ್ಲ; ಮನೆಗೆಲಸಕ್ಕೆ ನೈಟಿ ಕೊಟ್ಟ ಸಲೀಸನ್ನು ಹೀಗಳೆಯುವ ಹಕ್ಕು ಅದನ್ನು ತೊಡದವರಿಗಿಲ್ಲ. ಐದು ಅಚ್ಚಿನ ಸೀರೆ ಕೊಳ್ಳುವ ರೊಕ್ಕದಲ್ಲಿ ಕೊಂಡಿಯ ಸೀರೆ ಒಂದನ್ನು ಕೊಂಡು, ಟ್ರಂಕಿಗೆ ಹಾಕದೆ, ಶಾಲೆಗೆ, ಕಚೇರಿಗೆ, ಸಂತೆಗೆ ಉಟ್ಟು ಸವೆಸಿದರೆ ಅದರ ಹತ್ತಿ ಪ್ರತಿ ಒಗೆತಕ್ಕೆ ಮೆತ್ತಗಾಗುತ್ತ ಹೋಗುತ್ತದೆ. ಪಾಲಿಯೆಸ್ಟರಿಗೆ ಆ ಗುಣವಿಲ್ಲ.

ಮೆತ್ತಗಾದ ಸೀರೆಯ ಮುಂದಿನ ಜನ್ಮ ಕೌದಿ. ಹರಿದ ಸೀರೆ, ಹಳೆಯ ಧೋತರ, ಅಂಗಿಯ ತುಂಡು ಪದರ ಪದರವಾಗಿ ಹಾಸಿ, ಮೇಲೆ ಬಣ್ಣಬಣ್ಣದ ಚೌಕ, ಮೂಲೆಗೆ ಮುಕ್ಕೋನದ ತುಂಡು ಇಟ್ಟು, ಅಂಚಿನಿಂದ ನಡುವಿನವರೆಗೆ ಸಾಲುಹೊಲಿಗೆ. ಮಿಲ್ಲಿನ ರಗ್ಗು ಕೊಡದ ಬಿಸುಪು ಅದರಲ್ಲಿದೆ, ಬೇಸಗೆಯಲ್ಲಿ ಹಾಸಿಕೊಂಡರೆ ತಂಪೂ ಇದೆ. ಉತ್ತರ ಕನ್ನಡದ ಸಿದ್ದಿ ಹೆಂಗಸರು ಹೊಲಿದ ಕೌದಿಗಳು ಈಗ ಹೊರದೇಶದ ಕಲಾ ಗ್ಯಾಲರಿಗಳ ಗೋಡೆ ಏರಿವೆ. ವಿಜಯಪುರದ ಕೌದಿ ಇನ್ನೂ ಹಾಸಿಗೆಯ ಮೇಲೇ ಇದೆ. ಅದು ಇರಬೇಕಾದ ಜಾಗವೂ ಅದೇ.

ಗಂಡಸರ ಠೀವಿ ನೋಡಬೇಕಾದರೆ ಅವರ ಮೈಮೇಲೆ ಹುಡುಕಬಾರದು, ಎತ್ತಿನ ಮೈಮೇಲೆ ಹುಡುಕಬೇಕು. ಖಿಲಾರಿ ಎತ್ತಿನ ಕೋಡಿಗೆ ಹಿತ್ತಾಳೆಯ ಅಣಸು, ಹಣೆಗೆ ಗೊಂಡೆ, ಕೊರಳಿಗೆ ಗೆಜ್ಜೆಸರ, ಬೆನ್ನಿಗೆ ಕನ್ನಡಿ ಹಚ್ಚಿದ ಜೂಲಾ. ಕಾರ ಹುಣ್ಣಿಮೆಗೆ ಕೋಡಿಗೆ ಬಣ್ಣ. ಒಂದು ದನ ಕೊಳ್ಳಬೇಕಾದರೆ ಹಲ್ಲು ಎಣಿಸಿ, ಸುಳಿ ನೋಡಿ, ನಡೆಸಿ, ತಿರುಗಿಸಿ, ಎರಡು ಜಾತ್ರೆ ಕಾಯುವ ರೈತ, ತನಗೆ ಅಂಗಿ ಕೊಳ್ಳುವಾಗ ಅಳತೆಯನ್ನೂ ನೋಡದೆ ಎತ್ತಿಕೊಂಡು ಬರುತ್ತಾನೆ. ಟ್ರ್ಯಾಕ್ಟರು ಬಂದ ಮೇಲೆ ಈ ಶೃಂಗಾರ ಅದರ ಬಾನೆಟ್ಟಿಗೆ, ಟೇಪಿನ ದೊಡ್ಡ ಸಪ್ಪಳಕ್ಕೆ ವರ್ಗವಾಗಿದೆ. ಉಪನ್ಯಾಸಕಾರನಿಗೆ ಗೆಜ್ಜೆಸರದ ಸಪ್ಪಳವೇ ಹಿತ. ಪಕ್ಕದ ಮನೆಯವರಿಗೂ ಹಾಗೆಯೇ ಇದ್ದೀತು.

ಇನ್ನು ಪಾತ್ರೆಪಗಡಿಯ ಮಾತಿಗೆ ಬಂದರೆ, 1958ರಲ್ಲಿ ಭಾರತ ಸರ್ಕಾರದ ಕರೆಯ ಮೇಲೆ ಅಮೆರಿಕದ ವಿನ್ಯಾಸಕ ದಂಪತಿ ಚಾರ್ಲ್ಸ್ ಮತ್ತು ರೇ ಈಮ್ಸ್ ದೇಶ ಸುತ್ತಿ ಒಂದು ವರದಿ ಬರೆದರು. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ 1961ರಲ್ಲಿ ಹುಟ್ಟಿದ್ದು ಆ ವರದಿಯ ಫಲವಾಗಿ. ಇಲ್ಲಿ ಕಂಡ ವಸ್ತುಗಳಲ್ಲೆಲ್ಲ ಅವರ ಮನಸ್ಸು ಗೆದ್ದದ್ದು ತಾಜಮಹಲಿನ ಕೆತ್ತನೆಯಲ್ಲ, ತಂಬಿಗೆ. ಅದನ್ನು ಮಾಡುವಾಗ ಯೋಚಿಸಬೇಕಾದುದನ್ನೆಲ್ಲ ಅವರು ಉದ್ದಕ್ಕೆ ಪಟ್ಟಿಮಾಡಿದ್ದಾರೆ: ಎಷ್ಟು ನೀರು ಹಿಡಿಯಬೇಕು, ಹೊರುವುದು ತಲೆಯ ಮೇಲೋ ಟೊಂಕದ ಮೇಲೋ, ತುಂಬಿದಾಗ ತೂಕ ಹೇಗೆ ಕೂಡುತ್ತದೆ, ಬರಿದಾದಾಗ ಹೇಗೆ, ಸುರಿಯುವಾಗ ಧಾರೆ ಹೇಗೆ ಬೀಳುತ್ತದೆ, ಬಾಯಿಯೊಳಗೆ ಕೈ ಹೋಗಿ ತೊಳೆಯಲು ಬರುತ್ತದೆಯೇ, ಬಡಿದರೆ ಎಂಥ ನಾದ ಹೊರಡುತ್ತದೆ, ಬೆಲೆ ಎಷ್ಟು. ಯಾವ ಒಬ್ಬ ಮನುಷ್ಯನೂ ಕೂತು ಇದನ್ನು ರೂಪಿಸಿದ್ದಲ್ಲ, ತಲೆಮಾರುಗಳ ಕೈ ಸೇರಿ ತೀಡಿದ್ದು ಎಂಬುದು ಅವರ ಬೆರಗು. ಇಲ್ಲಿನವರು ಆ ಹೊತ್ತಿಗೆ ತಾಮ್ರದ ತಂಬಿಗೆಯನ್ನು ಮೋಡಕಾದವನಿಗೆ ತೂಗಿ ಕೊಟ್ಟು ಸ್ಟೀಲಿನದು ತರಲು ಮನಸ್ಸು ಮಾಡುತ್ತಿದ್ದರು.

ಅವರನ್ನು ತಪ್ಪು ಎನ್ನಲಾಗದು. ತಾಮ್ರ, ಹಿತ್ತಾಳೆ ದಿನಾ ಹುಣಸೆಹಣ್ಣು, ಬೂದಿ ಬೇಡುತ್ತವೆ. ಹುಳಿ ಪದಾರ್ಥ ಇಟ್ಟರೆ ಕಿಲುಬು ಏಳುತ್ತದೆ, ಅದಕ್ಕೇ ಕಲಾಯಿಗಾರ ಓಣಿಗೆ ಬರಬೇಕು, ತಿದಿ ಒತ್ತಿ ತವರ ಸವರಬೇಕು. ಕಲಾಯಿಗಾರರು ಬರುವುದು ನಿಂತಿತು, ಸ್ಟೀಲು ಬಂತು, ಹೆಂಗಸರ ಅರ್ಧ ತಾಸು ಉಳಿಯಿತು. ಸ್ಟೀಲಿಗೆ ಕೃತಜ್ಞರಾಗಿಯೇ ಇದ್ದು, ಕುಡಿಯುವ ನೀರಿಗೊಂದು ತಾಮ್ರದ ತಂಬಿಗೆ ಉಳಿಸಿಕೊಳ್ಳಬಹುದು. ಎಲ್ಲವನ್ನೂ ಉಳಿಸುವುದು ವಸ್ತುಸಂಗ್ರಹಾಲಯದ ಕೆಲಸ. ಮನೆಯದು ಆರಿಸುವ ಕೆಲಸ.

ಈ ಆರಿಸುವ ವಿದ್ಯೆಗೆ ಇಂಡಿ ಸೀಮೆಯಲ್ಲಿ ಒಂದು ದೊಡ್ಡ ಮಾದರಿ ಇದೆ. ಆಗ ಇಂಡಿ ತಾಲ್ಲೂಕಿಗೆ ಸೇರಿದ್ದ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ, ಧೂಲಾಸಾಹೇಬ ಮುಂತಾದ ಗೆಳೆಯರು ಬೀಸುಕಲ್ಲಿನ ಮುಂದೆ, ತೊಟ್ಟಿಲ ಪಕ್ಕದಲ್ಲಿ ಹೆಂಗಸರು ಹಾಡುತ್ತಿದ್ದುದನ್ನು ಬರೆದುಕೊಂಡರು. 1931ರಲ್ಲಿ ‘ಗರತಿಯ ಹಾಡು’ ಅಚ್ಚಾಯಿತು. ಬೀಸುಕಲ್ಲು, ತೊಟ್ಟಿಲು, ಕುಪ್ಪಸ, ಬಳೆ, ತವರಿನ ಬಾವಿ. ಆ ತ್ರಿಪದಿಗಳ ತುಂಬ ಇರುವುದು ದಿನಬಳಕೆಯ ವಸ್ತುಗಳೇ. ಹಾಡಿದವರಿಗೆ ಆಸ್ತಿ ಇರಲಿಲ್ಲ. ಕೈಗೆ ಸಿಕ್ಕ ನಾಲ್ಕು ವಸ್ತುಗಳ ಜೊತೆ ಅವರು ಇಟ್ಟುಕೊಂಡ ಸಲಿಗೆ ಮಾತ್ರ ಇಬ್ರಾಹಿಂ ಸುಲ್ತಾನನ ತಂಬೂರಿಯ ಸಲಿಗೆಗೆ ಏನೂ ಕಡಿಮೆಯದಲ್ಲ.

ಫ.ಗು. ಹಳಕಟ್ಟಿಯವರದು ಇನ್ನೊಂದು ಬಗೆ. ವಿಜಯಪುರದಲ್ಲಿ ವಕೀಲಿ ಮಾಡುತ್ತಿದ್ದ ಅವರು ಊರೂರು ತಿರುಗಿ ವಚನಗಳ ತಾಳೆಗರಿ ಕೂಡಿಸಿದರು, 1923ರಲ್ಲಿ ‘ವಚನಶಾಸ್ತ್ರಸಾರ’ ಹೊರತಂದರು, ವಚನ ಅಚ್ಚುಹಾಕಲು ಇದ್ದ ಮನೆಯನ್ನು ಮಾರಿ ಹಿತಚಿಂತಕ ಮುದ್ರಣಾಲಯ ಮಾಡಿದರು, 1926ರಲ್ಲಿ ‘ಶಿವಾನುಭವ’ ಪತ್ರಿಕೆ ತೆಗೆದರು. ಅವರ ತೇಪೆ ಹಾಕಿದ ಕೋಟಿನ ಬಗ್ಗೆ ಊರಲ್ಲಿ ಇವತ್ತಿಗೂ ಕಥೆ ಹೇಳುತ್ತಾರೆ. ಕೇಳುವವರು ಅಯ್ಯೋ ಪಾಪ ಎನ್ನುತ್ತಾರೆ. ಪಾಪ ಎನ್ನಬೇಕಾದುದು ಏನೂ ಇಲ್ಲ. ಅವರು ಕೋಟಿಗೆ ಹಾಕಬಹುದಾಗಿದ್ದ ರೊಕ್ಕವನ್ನು ಸೀಸದ ಅಕ್ಷರದ ಮೊಳೆಗೆ ಹಾಕಿದರು, ಏಕೆಂದರೆ ಅವರಿಗೆ ಸಂತೋಷ ಕೊಡುತ್ತಿದ್ದುದು ಮೊಳೆ. ರುಚಿ ಗೊತ್ತಿದ್ದವನು ಎಲ್ಲ ಕಡೆ ಖರ್ಚು ಮಾಡುವುದಿಲ್ಲ.

ಸರಳತೆಯ ಬಗ್ಗೆ ಬಡವರಿಗೆ ಉಪದೇಶ ಮಾಡುವ ಚಟ ನಮ್ಮ ವೇದಿಕೆಗಳಿಗಿದೆ. ಒಂದೇ ಸೀರೆ ಇರುವವಳಿಗೆ ಆಯ್ಕೆಯ ಮಾತು ಹೇಳುವುದು ಅವಮಾನ. ಬರ ಬಿದ್ದ ವರ್ಷ ಮುಂಬೈಗೋ ಗೋವಾಕ್ಕೋ ಗುಳೆ ಹೋಗುವ ಕುಟುಂಬ ಚೀಲದಲ್ಲಿ ಹಿಡಿಯುವುದನ್ನಷ್ಟೇ ಒಯ್ಯುತ್ತದೆ. ಈ ಉಪನ್ಯಾಸ ಹೇಳುತ್ತಿರುವುದು ತಿಂಗಳಿಗೆ ಸಂಬಳ ಎಣಿಸುವವರಿಗೆ, ಹಬ್ಬಕ್ಕೆ ಮೂರು ಕಡೆ ಖರೀದಿ ಮಾಡುವವರಿಗೆ, ಕೊಂಡು ತಂದದ್ದನ್ನು ಎಂಟೇ ದಿನದಲ್ಲಿ ಮರೆಯುವವರಿಗೆ.

ಕಡೆಗೆ ಕಾಲಿನ ಕಡೆ ಬರೋಣ. ಕೊಲ್ಹಾಪುರಿ ಎಂದು ಕರೆಯುವ ಚಪ್ಪಲಿ ಬರಿಯ ಕೊಲ್ಹಾಪುರದ್ದಲ್ಲ. 2019ರಲ್ಲಿ ಅದಕ್ಕೆ ಜಿಐ ಮಾನ್ಯತೆ ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ಕರ್ನಾಟಕದ ನಾಲ್ಕನ್ನೂ ಸೇರಿಸಿದರು: ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ. ಅಥಣಿ, ನಿಪ್ಪಾಣಿ ಕಡೆಯ ಎಷ್ಟೋ ಮನೆಗಳು ಇದರಿಂದಲೇ ಬದುಕಿವೆ. ಜಾಲಿಯ ತೊಗಟೆ, ಅಳಲೆಕಾಯಿ ಹಾಕಿ ಹದಮಾಡಿದ ತೊಗಲು, ಮೊಳೆ ಬಡಿಯದೆ ಹೊಲಿದ ಅಟ್ಟೆ. ಹೊಸದರಲ್ಲಿ ಕಚ್ಚುತ್ತದೆ, ಎಣ್ಣೆ ಸವರಿ ಹದಿನೈದು ದಿನ ತಾಳಿಕೊಂಡರೆ ಮೆಟ್ಟಿದವರ ಪಾದದ ಅಚ್ಚನ್ನೇ ಹಿಡಿದುಕೊಳ್ಳುತ್ತದೆ, ಆಮೇಲೆ ಬೇರೆಯವರ ಕಾಲಿಗೆ ಬರುವುದಿಲ್ಲ. ಹಿಂದಿನ ಹೌಸಿಗಾರರು ನಡೆದರೆ ಕಿರ್ ಕಿರ್ ಎನ್ನುವಂತೆ ಬೇಕೆಂದೇ ಮಾಡಿಸಿಕೊಳ್ಳುತ್ತಿದ್ದರು. ಗೌಡರು ಬರುವುದು ಕಣ್ಣಿಗಿಂತ ಮೊದಲು ಕಿವಿಗೆ ಗೊತ್ತಾಗಬೇಕಿತ್ತು.

2025ರ ಜೂನಿನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನ್ ನಗರದ ಫ್ಯಾಷನ್ ಪ್ರದರ್ಶನದಲ್ಲಿ ಇಂಥದೇ ಚಪ್ಪಲಿ ತೊಡಿಸಿ ಹುಡುಗರನ್ನು ನಡೆಸಿತು. ಎಲ್ಲಿಯದೆಂದು ಹೇಳಿರಲಿಲ್ಲ. ಗದ್ದಲವಾದ ಮೇಲೆ ಭಾರತದ ಕುಶಲಕರ್ಮಿಗಳ ಮಾದರಿಯಿಂದ ಸ್ಫೂರ್ತಿ ಪಡೆದದ್ದೆಂದು ಒಪ್ಪಿಕೊಂಡಿತು. ವರ್ಷದ ಕೊನೆಗೆ ಮಹಾರಾಷ್ಟ್ರದ ಲಿಡ್‌ಕಾಂ, ಕರ್ನಾಟಕದ ಲಿಡ್ಕರ್ ಎಂಬ ಸರ್ಕಾರಿ ಚರ್ಮೋದ್ಯಮ ನಿಗಮಗಳ ಜೊತೆ ಒಪ್ಪಂದವೂ ಆಯಿತು. ಆ ದಿನಗಳಲ್ಲಿ ಸಿಟ್ಟು ತೋರಿದವರ ಕಾಲಲ್ಲಿ ಎಂಥ ಚಪ್ಪಲಿ ಇತ್ತೆಂದು ಯಾರೂ ನೋಡಲಿಲ್ಲ. ನೋಡಿದ್ದರೆ ಬಹುಪಾಲು ರಬ್ಬರಿನದು, ಉಳಿದದ್ದು ಬಿಳಿಯ ಬೂಟು.

ಇದರಲ್ಲಿ ಇನ್ನೊಂದು ಗಂಟಿದೆ, ಅದು ಫ್ಯಾಷನ್ನಿನದಲ್ಲ. ಕಲ್ಯಾಣದ ಹರಳಯ್ಯ, ಕಲ್ಯಾಣಮ್ಮ ತಮ್ಮ ತೊಡೆಯ ಚರ್ಮದಿಂದ ಬಸವಣ್ಣನಿಗೆ ಮೆಟ್ಟು ಮಾಡಿದರು, ಬಸವಣ್ಣ ಅದನ್ನು ಕಾಲಿಗೆ ಹಾಕದೆ ತಲೆಯ ಮೇಲಿಟ್ಟುಕೊಂಡ ಎಂಬ ಕಥೆ ಬಾಗೇವಾಡಿಯಿಂದ ಲಚ್ಯಾಣದವರೆಗೆ ಎಲ್ಲ ಮಠಗಳ ಪುರಾಣಗಳಲ್ಲಿ ಕೇಳಿಬರುತ್ತದೆ, ಕೇಳಿದವರ ಕಣ್ಣು ತೇವವಾಗುತ್ತದೆ. ಪುರಾಣ ಮುಗಿಸಿ ಹೊರಬಂದವರು ಚಪ್ಪಲಿ ಹೊಲಿಯುವವರ ಮುಂದೆ ನಿಂತು ಇಪ್ಪತ್ತು ರೂಪಾಯಿಗೆ ಚೌಕಾಸಿ ಮಾಡುತ್ತಾರೆ. ಮಾಲ್‌ನಲ್ಲಿ ಎರಡು ಸಾವಿರದ ಚೀಟಿ ಅಂಟಿಸಿದ ಬೂಟಿಗೆ ತುಟಿ ಬಿಚ್ಚುವುದಿಲ್ಲ. ಈ ಕಸುಬಿನ ಮನೆಗಳ ಹುಡುಗರು ಅದನ್ನು ಬಿಡುತ್ತಿರುವುದಕ್ಕೆ ಕೂಲಿ ಒಂದು ಕಾರಣ, ಮರ್ಯಾದೆ ಇಲ್ಲದಿರುವುದು ಅದಕ್ಕಿಂತ ದೊಡ್ಡ ಕಾರಣ. ಮಾಡಿದವರ ಜೊತೆ ಕೂತು ಚಹಾ ಕುಡಿಯಲಾರದವರು ಅವರು ಮಾಡಿದ್ದನ್ನು ಮೆಟ್ಟಿ ಸೊಗಸುಗಾರರಾಗಲಾರರು.

ಲಚ್ಯಾಣ ಸೊಲ್ಲಾಪುರ-ವಿಜಯಪುರ ರೈಲುದಾರಿಯ ಮೇಲಿದೆ. ಎರಡೂ ಕಡೆಯ ಪೇಟೆ ಇಲ್ಲಿಗೆ ಹತ್ತಿರ. ಇಲ್ಲಿನ ಮಠದ ಸಿದ್ಧಲಿಂಗ ಮಹಾರಾಜರ ಜಾತ್ರೆಗೆ ಬರುವ ಸಭಿಕರಲ್ಲಿ ಒಂದು ವಿನಂತಿ. ಈ ಸಲ ಮನೆಯವರೆಲ್ಲರಿಗೂ ಒಂದೊಂದು ಜೊತೆ ರಬ್ಬರಿನ ಚಪ್ಪಲಿ ಕೊಳ್ಳುವ ಬದಲು, ಒಬ್ಬರಾದರೂ ಪಾದದ ಅಳತೆ ಕೊಟ್ಟು ತೊಗಲಿನದು ಮಾಡಿಸಿರಿ. ಅಟ್ಟೆ ಎಷ್ಟು ಪದರ ಬೇಕು, ಉಂಗುಷ್ಟ ಬಿಗಿಯೋ ಸಡಿಲೋ, ಬಣ್ಣ ತೊಗಲಿನದೇ ಸಾಕೋ ಬೇರೆ ಬೇಕೋ ಎಂದು ಮಾಡುವವರ ಜೊತೆ ಕೂತು ಮಾತಾಡಿರಿ. ಅವರು ಹೇಳಿದ ಬೆಲೆಯನ್ನು ಅಲ್ಲೇ ಎಣಿಸಿ ಕೊಡಿರಿ.